ಗಯಾಜಾ ಕ್ಲಿನಿಕ್ಕಿನ ನಕಲು ಪುಟ

ಮಾರ್ಚ್ ಒಂಬತ್ತು, ಸೋಮವಾರ. ಬೆಳಿಗ್ಗೆ ಅಕೀಕಿ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಎನ್‌ಟಿಂಡಾ ರಸ್ತೆಯ ಟ್ಯಾಕ್ಸಿಗಳ ಕೂಗು ಒಳಗೆ ಬರದಿರಲೆಂದು ಕಿಟಕಿಯನ್ನೂ ಮುಚ್ಚಿದರು.

"ಅಸೆಕೆನ್ಯೆ, ಶುಕ್ರವಾರ ಮಧ್ಯಾಹ್ನಕ್ಕೆ ನನಗೊಂದು ವರದಿ ಬೇಕು," ಎಂದರು. "ಗಯಾಜಾದ ಪುಟದಿಂದ ಕೆಂಪು ಸಾಲು ತೆಗೆದಿದ್ದು ಯಾರು ಅಂತ ಅದರಲ್ಲಿರ್ಬೇಕು. ಮವಾಂಡಾ ಅಂತಾದ್ರೆ ಅವತ್ತೇ ಸಂಜೆ ಅವನನ್ನ ಕೆಲಸದಿಂದ ತೆಗೀತೀನಿ."

"ಅವನೇ ಅಂತ ಯಾಕೆ ಅಂದ್ಕೊಂಡ್ರಿ?"

"ನಾನೊಬ್ಬಳೇ ಅಂದ್ಕೊಂಡಿಲ್ಲ. ಇಡೀ ಆಫೀಸು ಅಂದ್ಕೊಂಡಿದೆ. ನೀನೂ ಅಂದ್ಕೊಂಡಿದೀಯ, ಮುಖ ನೋಡಿದ್ರೆ ಗೊತ್ತಾಗುತ್ತೆ."

ಅವರು ಹೇಳಿದ್ದು ನಿಜವಾಗಿತ್ತು.

ಅಕೀಕಿ ನಮ್ಮ ಒಡತಿ. ತೋರೊ ಸೀಮೆಯವರು. ಅಲ್ಲಿ ಹಿರಿಯರನ್ನು ಹುಟ್ಟುಹೆಸರು ಹಿಡಿದು ಕರೆಯುವುದು ಒರಟುತನ. ಆದ್ದರಿಂದ ಕೊಬುಸಿಂಗೆ ಎಂಬ ಅವರ ಹೆಸರು ಬಾಗಿಲ ಫಲಕದ ಮೇಲೆ ಮಾತ್ರ ಇದೆ, ನಮ್ಮೆಲ್ಲರ ಬಾಯಲ್ಲಿ ಅವರು ಅಕೀಕಿ, ಆ ಸೀಮೆಯ ಗೌರವದ ಹೆಸರು. ಹದಿಮೂರು ಸಣ್ಣ ಕ್ಲಿನಿಕ್ಕುಗಳಿಗೆ ನಾವು ವೆಬ್ ಪುಟಗಳನ್ನು ಮಾಡಿಕೊಟ್ಟಿದ್ದೇವೆ. ರಕ್ತಪರೀಕ್ಷೆಯ ವರದಿ, ಲಸಿಕೆಯ ಚೀಟಿ, ಮುಂದಿನ ಭೇಟಿಯ ದಿನಾಂಕ, ಇಂಥವು. ಮೊದಲು ಪ್ರತಿ ಕ್ಲಿನಿಕ್ಕಿಗೂ ಬೇರೆ ಬೇರೆಯಾಗಿ ಬರೆಯುತ್ತಿದ್ದೆವು. ಒಂದು ತಪ್ಪು ತಿದ್ದಬೇಕಾದರೆ ಹದಿಮೂರು ಕಡೆ ತಿದ್ದಬೇಕಿತ್ತು. ಮೂರು ವರ್ಷದ ಹಿಂದೆ ನಾನು ಆ ಪುಟಗಳ ಅಚ್ಚುಗಳನ್ನೆಲ್ಲ ಒಂದೇ ಕೋಡ್ ಲೈಬ್ರರಿಯಲ್ಲಿ ಕಟ್ಟಿಟ್ಟೆ. ಅಚ್ಚು ಎಂದರೆ ಹೆಸರು, ವಯಸ್ಸು, ಅಂಕಿ ಬರಬೇಕಾದ ಕಡೆ ಜಾಗ ಬಿಟ್ಟ ಪುಟ. ಎಲ್ಲ ಕ್ಲಿನಿಕ್ಕುಗಳೂ ಅಚ್ಚನ್ನು ಅಲ್ಲಿಂದಲೇ ಪಡೆಯುತ್ತವೆ. ನಾನು ಒಂದನ್ನು ತಿದ್ದಿ ಹೊಸ ಸಂಖ್ಯೆ ಕೊಟ್ಟು ಬಿಡುಗಡೆ ಮಾಡಿದರೆ ಹದಿಮೂರು ಕಡೆಯೂ ತಿದ್ದಿದಂತೆ. ಈ ಲೈಬ್ರರಿಗೆ ನಾವಿಟ್ಟ ಹೆಸರು ಕಿಬ್ಬೊ, ಲುಗಾಂಡಾದಲ್ಲಿ ಬುಟ್ಟಿ.

ಈ ಜನವರಿಯಲ್ಲಿ ರಕ್ತವರದಿಯ ಅಚ್ಚಿಗೆ ನಾನೊಂದು ಕೆಂಪು ಸಾಲು ಸೇರಿಸಿದೆ. ಮಗುವಿನ ಹಿಮೋಗ್ಲೋಬಿನ್ ಏಳಕ್ಕಿಂತ ಕಡಿಮೆ ಬಂದರೆ ಪುಟದ ನೆತ್ತಿಯ ಮೇಲೆ 'ಇಂದೇ ದೊಡ್ಡ ಆಸ್ಪತ್ರೆಗೆ ಕಳಿಸಿ' ಎಂದು ದಪ್ಪ ಅಕ್ಷರದಲ್ಲಿ ಬರಬೇಕು. ಎಲ್ಲ ಕ್ಲಿನಿಕ್ಕುಗಳಿಗೂ ಸುತ್ತೋಲೆ ಕಳಿಸಿದೆವು.

ಫೆಬ್ರವರಿ ಇಪ್ಪತ್ತಾರರ ಗುರುವಾರ ಗಯಾಜಾ ಕ್ಲಿನಿಕ್ಕಿಗೆ ಮೂರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಅಂಕಿ ಐದು ಬಿಂದು ಒಂದು. ಅಲ್ಲಿನ ಹೊಸ ವೈದ್ಯ ಸುತ್ತೋಲೆಯನ್ನು ಓದಿದ್ದವನೇ. ಪುಟದಲ್ಲಿ ಕೆಂಪು ಸಾಲು ಇರಲಿಲ್ಲ. ಆದ್ದರಿಂದ ಅವಸರವಿಲ್ಲವೆಂದುಕೊಂಡು ಕಬ್ಬಿಣದ ಟಾನಿಕ್ ಕೊಟ್ಟು ಮನೆಗೆ ಕಳಿಸಿದ. ಸಂಜೆ ರಿಜಿಸ್ಟರ್ ಮುಚ್ಚುವ ಮೊದಲು ಪ್ರಯೋಗಾಲಯದವನ ಕಣ್ಣಿಗೆ ಆ ಅಂಕಿ ಬಿತ್ತು, ತಾಯಿಗೆ ಫೋನ್ ಮಾಡಿದ. ಹುಡುಗಿಗೆ ಸಮಯಕ್ಕೆ ರಕ್ತ ಸಿಕ್ಕಿತು. ಈಗ ಆಡಿಕೊಂಡಿದ್ದಾಳಂತೆ. ಆದರೆ ಕ್ಲಿನಿಕ್ಕಿನ ಮಾಲೀಕರು ಅಕೀಕಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ಕೆಂಪು ಸಾಲು ಎಲ್ಲಿ?

ನಾನು ನನ್ನ ಕಂಪ್ಯೂಟರಿನಲ್ಲಿ ಐದು ಬಿಂದು ಒಂದು ಎಂದು ಹಾಕಿ ನೋಡಿದೆ. ಕೆಂಪು ಸಾಲು ಬಂತು. ಗಯಾಜಾದವರ ಪುಟದಲ್ಲಿ ಅದೇ ಅಂಕಿ ಹಾಕಿದೆ. ಬರಲಿಲ್ಲ. ಅವರಲ್ಲಿ ಇರುವುದೂ ನನ್ನಲ್ಲಿ ಇರುವುದೂ ಬುಟ್ಟಿಯ ಅದೇ ಸಂಖ್ಯೆ, ನಾಲ್ಕು ಬಿಂದು ಎರಡು. ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಓದಿದವಳು. ಒಂದೇ ದ್ರಾವಣ ಎರಡು ಬೀಕರಿನಲ್ಲಿ ಎರಡು ಬಣ್ಣ ತೋರಿಸಿದರೆ ಮೊದಲು ಬೀಕರನ್ನು ಅನುಮಾನಿಸಬೇಕೆಂದು ನಮಗೆ ಕಲಿಸಿದ್ದರು. ನಾನು ಮೊದಲು ಅನುಮಾನಿಸಿದ್ದು ಮನುಷ್ಯನನ್ನು.

ಮವಾಂಡಾಗೆ ಇಪ್ಪತ್ತೇಳು ವರ್ಷ. ಗಯಾಜಾ ಅವನ ಜವಾಬ್ದಾರಿ. ಮೂರು ತಿಂಗಳಿಂದ ಅವನ ನಡವಳಿಕೆ ಸರಿಯಿರಲಿಲ್ಲ, ನಾನು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟಿದ್ದೆ. ಫೆಬ್ರವರಿ ಮೂರರಂದು ಗಯಾಜಾ ಕ್ಲಿನಿಕ್ಕಿನ ಮೇಟ್ರನ್ ನಮ್ಮ ಆಫೀಸಿಗೆ ಬಂದಾಗ ಇವನು ಕುಡಿಯುತ್ತಿದ್ದ ಚಹಾ ಬಿಟ್ಟು ಹಿಂದಿನ ಮೆಟ್ಟಿಲಿಂದ ಇಳಿದುಹೋದ. ಕ್ಲಿನಿಕ್ಕಿನಿಂದ ಫೋನ್ ಬಂದರೆ ಅದನ್ನು ಪಕ್ಕದವರಿಗೆ ಕೊಡುತ್ತಾನೆ. ಕ್ಲಿನಿಕ್ಕಿಗೆ ಹೋಗುವುದು ಭಾನುವಾರ ಬೆಳಿಗ್ಗೆ ಮಾತ್ರ, ಮೇಟ್ರನ್ ಚರ್ಚಿನಲ್ಲಿರುವ ಹೊತ್ತಿಗೆ. ಫೆಬ್ರವರಿ ಹದಿನೆಂಟರಂದು ಕೋಟು ತೊಟ್ಟ ಇಬ್ಬರು ಬಂದು ಅವನನ್ನು ಕೆಳಗೆ ಕರೆದು ಒಂದು ಉದ್ದ ಲಕೋಟೆ ಕೊಟ್ಟು ಹೋದರು. ಅವನು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮೇಲೆ ಬಂದ.

"ಇನ್ನೊಂದು ಕಂಪನಿಯವರು ಗಯಾಜಾನ ಎಳ್ಕೊಳ್ಳೋಕೆ ನೋಡ್ತಿದಾರೆ," ಎಂದ ಒಗ್ವಾಂಗ್. ನನ್ನ ಎದುರಿನ ಮೇಜಿನವನು, ಮಾತುಗಾರ. "ನಮ್ಮ ಪುಟ ಕೆಟ್ಟು ಹೋದ್ರೆ ಅವರಿಗೆ ಲಾಭ. ಕೆಡಿಸೋಕೆ ಒಳಗಿನ ಕೈ ಬೇಕು. ಲಕೋಟೆ ಯಾವುದು, ಕೈ ಯಾವುದು, ನೀನೇ ಕೂಡಿಸ್ಕೋ."

"ನೀನು ಲಕೋಟೆ ಒಳಗೆ ನೋಡಿದ್ಯಾ?"

"ಒಳಗೆ ನೋಡಿದ್ರೆ ಅನುಮಾನ ಯಾಕೆ ಪಡ್ಲಿ ಕಣೆ? ನೋಡ್ದೇ ಇದ್ದಿದ್ದಕ್ಕೇ ಪಡ್ತಿರೋದು."

ಮಂಗಳವಾರ ಹತ್ತು ಗಂಟೆಗೆ ನನಗೆ ಕಾರಣ ಸಿಕ್ಕಿತು. ಗಯಾಜಾದ ತಾಣಕ್ಕೆ ಒಂದು ಪುಟ ಬೇಕಾದಾಗ ಅದು ಮೊದಲು ತನ್ನದೇ ಫೋಲ್ಡರಿನಲ್ಲಿ ಆ ಹೆಸರಿನ ಅಚ್ಚು ಇದೆಯೇ ಎಂದು ನೋಡುತ್ತದೆ. ಅಲ್ಲಿ ಇಲ್ಲದಿದ್ದರೆ ಮಾತ್ರ ಬುಟ್ಟಿಗೆ ಬರುತ್ತದೆ. ಇದು ನಾವೇ ಇಟ್ಟ ಅನುಕೂಲ; ಯಾವುದಾದರೂ ಕ್ಲಿನಿಕ್ಕಿಗೆ ತೀರಾ ಬೇರೆ ಪುಟ ಬೇಕಾದರೆ ಇರಲಿ ಎಂದು. ಗಯಾಜಾದ ಫೋಲ್ಡರಿನಲ್ಲಿ ರಕ್ತವರದಿಯ ಅಚ್ಚು ಕೂತಿತ್ತು. ನನ್ನದೇ ಹಳೆಯ ಅಚ್ಚಿನ ನಕಲು, ಅಕ್ಷರ ಮಾತ್ರ ದೊಡ್ಡದು. ಜನವರಿಯ ಕೆಂಪು ಸಾಲು ಬುಟ್ಟಿಯ ಅಚ್ಚಿಗೆ ಬಂದಿತ್ತು. ನಕಲಿಗೆ ಅದು ಗೊತ್ತೇ ಇರಲಿಲ್ಲ. ಯಾರೂ ಸಾಲನ್ನು ತೆಗೆದಿರಲಿಲ್ಲ, ಅದು ಅಲ್ಲಿಗೆ ತಲುಪಿಯೇ ಇರಲಿಲ್ಲ. ಬದಲಾವಣೆಗಳ ದಾಖಲೆ ತೆರೆದೆ. ನಕಲು ಸೇರಿಸಿದ್ದು ನವೆಂಬರ್ ಇಪ್ಪತ್ತೇಳು. ಸೇರಿಸಿದವನು ಮವಾಂಡಾ.

ಆ ಕೂಡಲೇ ನಕಲಿಗೂ ಕೆಂಪು ಸಾಲು ಸೇರಿಸಿದೆ. ತನಿಖೆ ಮುಗಿಯುವವರೆಗೆ ಇನ್ನೊಂದು ಮಗು ಆ ಪುಟದ ಮುಂದೆ ಕೂರಬಹುದಿತ್ತು. ಆಮೇಲೆ ಮವಾಂಡಾನ ಮೇಜಿನ ಬಳಿ ಹೋದೆ.

"ಗಯಾಜಾದಲ್ಲಿ ನಕಲು ಇಟ್ಟಿದ್ದು ನೀನಾ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನನ್ನು ಅವನು ಕರೆಯುವುದು ನ್ಯಾಬೊ ಎಂದು, ಅಂದರೆ ಅಮ್ಮಾವ್ರೆ. "ಹೌದು ನ್ಯಾಬೊ. ಅಕ್ಷರ ದೊಡ್ಡದು ಬೇಕು ಅಂದ್ರು. ಅಜ್ಜಿಯರಿಗೆ ಓದೋಕಾಗಲ್ವಂತೆ."

"ಯಾರು ಅಂದ್ರು?"

"ಕ್ಲಿನಿಕ್ಕಿನವರು."

"ಕ್ಲಿನಿಕ್ಕಿನವರು ಅಂದ್ರೆ ಗೋಡೆನಾ? ಯಾರು?"

"ಲ್ಯಾಬಿನ ಹುಡುಗನ ಕೈಲಿ ಹೇಳಿ ಕಳಿಸಿದ್ರು."

"ಒಳ್ಳೇ ಬದಲಾವಣೆ ಅಲ್ವಾ? ಎಲ್ಲರಿಗೂ ಉಪಯೋಗ. ಬುಟ್ಟಿಯಲ್ಲೇ ಮಾಡ್ಬೇಕಿತ್ತು. ಯಾಕೆ ಮಾಡ್ಲಿಲ್ಲ?"

"ಅದಕ್ಕೆ ಸಹಿ ಬೇಕಲ್ಲ."

"ತಗೋಬೇಕಿತ್ತು."

"ಆಗ್ಲಿಲ್ಲ," ಎಂದ. ಮತ್ತೆ ಟೈಪ್ ಮಾಡತೊಡಗಿದ.

ಸಹಿಯ ನಿಯಮ ಅಕೀಕಿಯದು. ಬುಟ್ಟಿಯಲ್ಲಿನ ಒಂದು ಅಚ್ಚನ್ನು ಬದಲಿಸಬೇಕಾದರೆ, ಬದಲಾವಣೆ ಕೇಳಿದ ಕ್ಲಿನಿಕ್ಕಿನ ಮುಖ್ಯಸ್ಥರ ಪಕ್ಕದಲ್ಲಿ ನಾವು ಖುದ್ದಾಗಿ ಕೂತು, ಹೊಸ ಪುಟವನ್ನು ಪರದೆಯ ಮೇಲೆ ತೋರಿಸಿ, ಅವರ ಸಹಿ ಪಡೆಯಬೇಕು. ಫೋನಿನಲ್ಲಿ ಒಪ್ಪಿಗೆ ಕೇಳಿದರೆ ಜನ ಎಲ್ಲದಕ್ಕೂ ಹೂಂ ಅನ್ನುತ್ತಾರೆ ಎಂದು ಅವರ ಅನುಭವ. ಗಯಾಜಾದ ಮುಖ್ಯಸ್ಥೆ ಮೇಟ್ರನ್. ಅರ್ಧ ಗಂಟೆಯ ಕೆಲಸ. ಮವಾಂಡಾ ಅದನ್ನು ತಪ್ಪಿಸಿಕೊಳ್ಳಲು ಕಳ್ಳದಾರಿ ಹಿಡಿದಿದ್ದ. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಯಾಕೆ ತಪ್ಪಿಸಿಕೊಳ್ಳಬೇಕು? ಬುಧವಾರ ಸಂಜೆಯ ಹೊತ್ತಿಗೆ ನನ್ನ ವರದಿಯ ಕರಡು ಸಿದ್ಧವಿತ್ತು. ಅದರ ಕೊನೆಯ ವಾಕ್ಯದಲ್ಲಿ 'ಉದ್ದೇಶಪೂರ್ವಕವಾಗಿ' ಎಂಬ ಪದವಿತ್ತು.

ಗುರುವಾರ ಮಧ್ಯಾಹ್ನ, ನಾವೆಲ್ಲ ಮಟೋಕೆಗೆ, ಅಂದರೆ ಬೇಯಿಸಿದ ಬಾಳೆಕಾಯಿಗೆ, ಕಡಲೆಕಾಯಿಯ ಸಾರು ಹಾಕಿಕೊಂಡು ಊಟಕ್ಕೆ ಕೂತಿದ್ದಾಗ, ಮೆಟ್ಟಿಲ ಕಡೆಯಿಂದ ಅಕೀಕಿಯ ಧ್ವನಿ ಕೇಳಿತು. "ಬನ್ನಿ, ನಾಲೊಂಗೊ, ಬನ್ನಿ. ಮನೇಲಿ ಎಲ್ಲ ಹೇಗಿದಾರೆ?" ನಾಲೊಂಗೊ ಎಂದರೆ ಅವಳಿ ಮಕ್ಕಳ ತಾಯಿ, ಗಯಾಜಾದ ಮೇಟ್ರನ್‌ರನ್ನು ಎಲ್ಲರೂ ಕರೆಯುವುದು ಹಾಗೆಯೇ. ಮಗುವಿನ ವಿಷಯ ಮಾತಾಡಲು ಅವರೇ ಬಂದಿದ್ದರು.

ಮವಾಂಡಾನ ಚಮಚ ನೆಲಕ್ಕೆ ಬಿತ್ತು. ಅವನು ಮುಖಕ್ಕೆ ಅಡ್ಡವಾಗಿ ಕೈ ಹಿಡಿದು, ಮೇಜುಗಳ ನಡುವೆ ಬಗ್ಗಿಕೊಂಡು ಹಿಂಬಾಗಿಲಿಂದ ಹೊರಟುಹೋದ. ಒಂದು ಚಪ್ಪಲಿ ಮೇಜಿನ ಕೆಳಗೇ ಉಳಿಯಿತು.

"ಓಡ್ತಾ ಇದೆ ನೋಡು ಸಾಕ್ಷಿ," ಎಂದ ಒಗ್ವಾಂಗ್. "ಒಂದು ಕಾಲಲ್ಲಿ."

ನಾನು ಚಪ್ಪಲಿ ಎತ್ತಿಕೊಂಡು ಹಿಂದೆಯೇ ಇಳಿದೆ. ಅವನು ಎಲ್ಲಿಗೆ ಹೋಗುತ್ತಾನೆ, ಯಾರನ್ನು ಕಾಣುತ್ತಾನೆ ಎಂಬುದನ್ನು ಈ ಸಲ ಕಣ್ಣಾರೆ ನೋಡಬೇಕಿತ್ತು. ಅವನು ದೂರ ಹೋಗಿರಲಿಲ್ಲ. ಹಿತ್ತಲಲ್ಲಿ ಚಪಾತಿಯೊಳಗೆ ಮೊಟ್ಟೆ ಸುತ್ತಿ ಮಾರುವವನ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಹೋದ್ರಾ?" ಎಂದು ಪಿಸುಗುಟ್ಟಿದ.

"ಈಗ ತಾನೇ ಬಂದಿದಾರೆ, ಎಲ್ಲಿ ಹೋಗ್ತಾರೆ? ಮವಾಂಡಾ, ನಾಳೆ ನನ್ನ ವರದಿ ಹೋಗುತ್ತೆ. ಅದು ಹೋದ ಮೇಲೆ ನಿನಗೆ ಕೆಲಸ ಇರಲ್ಲ. ಏನಿದೆ ಹೇಳು."

"ಕೆಲಸ ಹೋಗೋದಾ?" ಎಂದ ಅವನು. "ಮೇ ತಿಂಗಳಲ್ಲಿ ಕ್ವಾಂಜುಲಾ ಇದೆ ನ್ಯಾಬೊ. ಹುಡುಗಿ ಮನೆಗೆ ನಮ್ಮವರನ್ನೆಲ್ಲ ಕರ್ಕೊಂಡು ಹೋಗಿ ಕೇಳೋದು. ಕೆಲಸ ಇಲ್ದವನಿಗೆ ಯಾರು ಕೊಡ್ತಾರೆ?"

"ಮದುವೆಗೂ ಮೇಟ್ರನ್‌ಗೂ ಏನು ಸಂಬಂಧ?"

ಅವನು ಸುತ್ತ ನೋಡಿದ. "ನಮ್ಮ ಹುಡುಗಿ, ಬಬಿರ್ಯೆ. ಮೇಟ್ರನ್‌ರ ಮಗಳು."

ನಾನು ಅವನ ಪಕ್ಕದಲ್ಲೇ ಒಂದು ಸೋಡಾ ಕ್ರೇಟಿನ ಮೇಲೆ ಕೂತೆ.

ನಾನು ತೇಸೊ ಕಡೆಯವಳು, ಆದರೂ ಈ ಊರಿನಲ್ಲಿ ಹನ್ನೆರಡು ವರ್ಷ ಇದ್ದವಳು. ಗಾಂಡಾ ಜನರಲ್ಲಿ ಅಳಿಯನಾಗುವವನು ಅತ್ತೆಯ ಎದುರು ಬರುವುದಿಲ್ಲ, ಅವಳ ಮುಖ ನೋಡುವುದಿಲ್ಲ, ಒಂದೇ ಬೆಂಚಿನ ಮೇಲೆ ಕೂರುವುದಂತೂ ಕನಸಿನ ಮಾತು. ಅತ್ತೆಯಾಗುವವಳೂ ಹಾಗೆಯೇ ಸರಿದು ನಿಲ್ಲುತ್ತಾಳೆ. ತಪ್ಪಿದರೆ ಕೈ ನಡುಗುವ ರೋಗ ಬರುತ್ತದೆ ಎನ್ನುತ್ತಾರೆ. ಆ ರೋಗದ ಹೆಸರೂ ಆ ನಂಟಿನ ಹೆಸರೂ ಒಂದೇ, ಒಬುಕೊ.

"ನವೆಂಬರ್ ಇಪ್ಪತ್ತೆರಡಕ್ಕೆ ಬಬಿರ್ಯೆಯ ಸೋದರತ್ತೆ ಮನೆಗೆ ಮೊದಲ ಸಲ ಹೋಗಿದ್ವಿ," ಎಂದ ಮವಾಂಡಾ. "ಅವತ್ತಿಂದ ಮೇಟ್ರನ್ ನನಗೆ ಅತ್ತೆ. ಐದು ದಿನ ಆದ್ಮೇಲೆ ಅಕ್ಷರ ದೊಡ್ಡದು ಮಾಡು ಅಂತ ಬಂತು. ಪಕ್ಕದಲ್ಲಿ ಕೂತು ತೋರಿಸ್ಬೇಕು ಅಂತಾರೆ ಅಕೀಕಿ. ಪಕ್ಕದಲ್ಲಿ! ಹೇಗೆ ಕೂರ್ಲಿ?"

"ನನಗೆ ಹೇಳಿದ್ರೆ ನಾನು ಹೋಗ್ತಿರ್ಲಿಲ್ವಾ?"

"ಕ್ವಾಂಜುಲಾ ಆಗೋ ತನಕ ಹೊರಗೆ ಬಾಯಿ ಬಿಡಬಾರದು ಅಂತ ಅವರ ಸೋದರತ್ತೆ ಅಪ್ಪಣೆ. ಅಲ್ದೆ..." ಅವನು ಚಪ್ಪಲಿಗೆ ಕಾಲು ತೂರಿಸಿದ. "ಕಂಪ್ಯೂಟರ್ ಕೆಲಸ ಮಾಡೋನು ಕೈ ನಡುಗುತ್ತೆ ಅಂತ ಹೆದರ್ತಾನೆ ಅಂದ್ರೆ ನೀವು ನಗಲ್ವಾ?"

"ನಿನಗೆ ನಂಬಿಕೆ ಇದೆಯಾ?"

"ಇಲ್ಲ," ಎಂದ ತಟ್ಟನೆ. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡು, "ಆದ್ರೆ ಕೀಬೋರ್ಡ್ ಮೇಲೆ ದುಡಿಯೋ ಕೈ ಇದು. ಪರೀಕ್ಷೆ ಮಾಡಿ ನೋಡೋಕೆ ಇನ್ನೊಂದು ಜೊತೆ ಇಲ್ವಲ್ಲ," ಎಂದ.

ಲಕೋಟೆಯ ಬಗ್ಗೆ ಕೇಳಿದೆ. ಅವನು ಫೋನಿನಲ್ಲಿ ಚಿತ್ರ ತೆಗೆದಿಟ್ಟಿದ್ದ. ಹುಡುಗಿಯ ಕಡೆಯವರು ಕೊಟ್ಟ ಪಟ್ಟಿ: ಹಿರಿಯರಿಗೆ ನಿಲುವಂಗಿ, ಸೋದರತ್ತೆಗೆ ಉಡುಪು, ಒಂದು ಹುಂಜ, ಸಕ್ಕರೆ, ಉಪ್ಪು, ಸಾಬೂನು. ಕೋಟು ತೊಟ್ಟವರು ಮಧ್ಯಸ್ಥರು.

ಎಲ್ಲವೂ ಹೊಂದುತ್ತಿತ್ತು. ಹಿಂದಿನ ಮೆಟ್ಟಿಲು, ಭಾನುವಾರಗಳು, ಫೋನು, ಲಕೋಟೆ. ಎಲ್ಲವನ್ನೂ ಒಂದೇ ಏಟಿಗೆ ಬಿಡಿಸುವ ಉತ್ತರ ಸಿಕ್ಕಾಗ ನನಗೆ ಸಮಾಧಾನಕ್ಕಿಂತ ಅಳುಕು ಹೆಚ್ಚು. ಮದುವೆ ನಿಜವೇ ಇರಬಹುದು. ಅದರ ಮರೆಯಲ್ಲಿ ಬೇರೆ ಆಟವೂ ಇರಬಹುದು. ಅವನು ಗಯಾಜಾವನ್ನೇ ಕೆಡಿಸಲು ಹೊರಟಿದ್ದರೆ ಇಂಥ ನಕಲು ಅಲ್ಲಿ ಮಾತ್ರ ಇರಬೇಕು. ಅದನ್ನು ಅಳೆದು ನೋಡಬಹುದಿತ್ತು. ಮೇಲೆ ಬಂದು, ಹದಿಮೂರು ಕ್ಲಿನಿಕ್ಕುಗಳ ಫೋಲ್ಡರುಗಳನ್ನೂ ಬುಟ್ಟಿಯನ್ನೂ ಹೋಲಿಸಿ, ಒಂದೇ ಹೆಸರಿನ ಅಚ್ಚು ಎರಡೂ ಕಡೆ ಇದ್ದರೆ ಪಟ್ಟಿ ಮಾಡುವ ಪುಟ್ಟ ಪ್ರೋಗ್ರಾಮ್ ಬರೆದೆ. ಇಪ್ಪತ್ತು ಸಾಲು. ಮೂರು ವರ್ಷದಲ್ಲಿ ಒಮ್ಮೆಯೂ ಬರೆಯಬೇಕೆನಿಸಿರಲಿಲ್ಲ.

ಹತ್ತೊಂಬತ್ತು ನಕಲುಗಳು. ಒಂಬತ್ತು ಕ್ಲಿನಿಕ್ಕುಗಳಲ್ಲಿ. ಏಳು ಒಗ್ವಾಂಗ್‌ನವು, ಐದು ಮವಾಂಡಾನವು, ಮೂರು ಕೆಲಸ ಬಿಟ್ಟುಹೋದವನೊಬ್ಬನವು. ಉಳಿದ ನಾಲ್ಕರ ಮುಂದೆ ನನ್ನ ಹೆಸರಿತ್ತು.

ಹತ್ತೊಂಬತ್ತರಲ್ಲಿ ರಕ್ತವರದಿಗಳು ಎರಡೇ. ಒಂದು ಗಯಾಜಾದ್ದು, ಇನ್ನೊಂದು ನನ್ನ ಆ ನಾಲ್ಕರಲ್ಲಿದ್ದ ಲುವೆರೊ ಕ್ಲಿನಿಕ್ಕಿನದು. ಹಿಂದಿನ ವರ್ಷದ ಜೂನ್ ಹನ್ನೊಂದರಂದು ನಾನು ನಕಲು ಮಾಡಿದ್ದೆ. ಯಾಕೆ ಎಂದು ನೆನಪಾಗಲಿಲ್ಲ. ಹೋಲಿಸಿ ನೋಡಿದೆ. ಕ್ಲಿನಿಕ್ಕಿನ ಫೋನ್ ಸಂಖ್ಯೆಯನ್ನು ಕೆಳಗಿನಿಂದ ಮೇಲಕ್ಕೆ ತಂದಿದ್ದೆ, ಅಷ್ಟೇ. ಲುವೆರೊಗೆ ಟ್ಯಾಕ್ಸಿಯಲ್ಲಿ ಎರಡು ಗಂಟೆ; ಬಹುಶಃ ಸಹಿಗೆ ಅಷ್ಟು ದೂರ ಹೋಗಲು ಸೋಮಾರಿತನವಾಗಿತ್ತು. ಐದು ಬಿಂದು ಒಂದು ಎಂದು ಹಾಕಿದೆ. ಕೆಂಪು ಸಾಲು ಬರಲಿಲ್ಲ. ನಾನೇ ಬರೆದ ಸಾಲು, ನಾನೇ ಇಟ್ಟ ನಕಲಿನ ಹಿಂದೆ ಮುಚ್ಚಿಹೋಗಿತ್ತು.

ನಕಲನ್ನು ಅಲ್ಲೇ ಅಳಿಸಿದೆ. ಮತ್ತೆ ಅಂಕಿ ಹಾಕಿ ಕೆಂಪು ಸಾಲು ಬಂದದ್ದನ್ನು ಮೂರು ಸಲ ನೋಡಿದೆ. ಲುವೆರೊಗೆ ಫೋನ್ ಮಾಡಿದೆ. ಮುಖ್ಯ ನರ್ಸ್ ರಜೆಯಲ್ಲಿದ್ದರು, ನಾಳೆ ಮಧ್ಯಾಹ್ನ ಸಿಗುತ್ತಾರೆಂದರು. ಆಮೇಲೆ ವರದಿಯ ಕರಡನ್ನು ತೆರೆದು ಕೂತೆ. ಆ ಹತ್ತೊಂಬತ್ತರ ಪಟ್ಟಿಯನ್ನು ಬಿಟ್ಟು ಬರೆದರೂ ನನ್ನ ವರದಿಯಲ್ಲಿ ಒಂದೂ ಸುಳ್ಳು ಇರುತ್ತಿರಲಿಲ್ಲ. ನಕಲು ಇಟ್ಟವನು ಮವಾಂಡಾ, ದಿನಾಂಕ ಇಂಥದ್ದು, ಸಹಿ ಪಡೆದಿಲ್ಲ. ಅಷ್ಟು ಸಾಕಾಗಿತ್ತು. ಲುವೆರೊದ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೆಂದು ಹೇಳಲಾರೆ, ಒಗ್ವಾಂಗ್ ಬ್ಯಾಗು ಹೆಗಲಿಗೇರಿಸಿ, "ಏನು, ಪರದೆ ನಿನ್ನನ್ನ ನೋಡ್ತಿದೆಯೋ ನೀನು ಪರದೆನ ನೋಡ್ತಿದೀಯೋ?" ಎಂದು ಕೇಳಿ ಹೋದ. 'ಉದ್ದೇಶಪೂರ್ವಕವಾಗಿ' ಎಂಬ ಪದ ಅಳಿಸಿ, ಹತ್ತೊಂಬತ್ತು ಸಾಲಿನ ಪಟ್ಟಿಯನ್ನು ಅಂಟಿಸಿ, ಅದರಲ್ಲಿ ಲುವೆರೊವನ್ನು ಮೊದಲಿಗಿಟ್ಟೆ. ಮದುವೆಯ ವಿಷಯ ನಾನು ಬರೆಯಲಿಲ್ಲ. ಅದನ್ನು ಅಕೀಕಿಗೆ ಮವಾಂಡಾ ತಾನೇ ಹೇಳಬೇಕೆಂದು ಅವನಿಗೆ ತಿಳಿಸಿದೆ. ಸೋದರತ್ತೆಯ ಅನುಮತಿ ಪಡೆಯಲು ಅವನಿಗೆ ಒಂದು ಸಂಜೆ ಇಡೀ ಫೋನು ಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಅಕೀಕಿ ವರದಿಯನ್ನು ಎರಡು ಸಲ ಓದಿದರು.

"ನೀನೂನಾ?" ಎಂದರು.

"ನಾನೂ."

"ಅವನ ಕಾರಣ ಕೇಳಿದೆ. ನಿನ್ನ ಕಾರಣ ಏನು?"

"ಲುವೆರೊ ದೂರ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನದ್ದೇ ಮೇಲು ಅನ್ಸುತ್ತೆ," ಎಂದರು. ನಂತರ ಫೋನೆತ್ತಿ ನಾಲೊಂಗೊ ಅವರನ್ನು ಬರಹೇಳಿದರು. ದೊಡ್ಡ ಅಕ್ಷರವನ್ನು ಬುಟ್ಟಿಗೇ ಸೇರಿಸುವುದಾದರೆ ಸಹಿ ಬೇಕಲ್ಲ.

ಹನ್ನೊಂದು ಗಂಟೆಗೆ ನಾಲೊಂಗೊ ಅಕೀಕಿಯ ಕೋಣೆಯಲ್ಲಿ ಪರದೆಯ ಮುಂದೆ ಕೂತರು. ದಪ್ಪ ಹೆಂಗಸು, ಬಿಳಿ ಸಮವಸ್ತ್ರ, ತೀರಾ ನೆಟ್ಟಗೆ ಕೂರುವ ಅಭ್ಯಾಸ. ಮವಾಂಡಾ ಹೊರಗೆ ಪ್ಯಾಸೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಬಾಗಿಲು ಒಂದು ಗೇಣು ತೆರೆದಿತ್ತು. ಹೊಸ್ತಿಲಲ್ಲಿ ನಾನು. ಇಬ್ಬರೂ ನನ್ನೊಡನೆ ಮಾತಾಡಿದರು, ಒಬ್ಬರೊಡನೊಬ್ಬರು ಮಾತಾಡಲಿಲ್ಲ.

"ನ್ಯಾಬೊ, ಅಕ್ಷರದ ಅಳತೆ ಈಗ ಸರಿಯಾಗಿದೆಯಾ ಅಂತ ಕೇಳಿ," ಎಂದ ಮವಾಂಡಾ ಗೋಡೆಗೆ.

"ಸರಿಯಾಗಿದೆ ಅಂತ ಹೇಳಮ್ಮ," ಎಂದರು ನಾಲೊಂಗೊ ಪರದೆಗೆ. "ಮಗುವಿನ ವಯಸ್ಸು ಮಾತ್ರ ಇನ್ನೂ ಸ್ವಲ್ಪ ದಪ್ಪ ಬೇಕು ಅಂತಲೂ ಹೇಳು."

"ಎಷ್ಟು ದಪ್ಪ ಅಂತ ಕೇಳಿ."

"ಅವರ ಧ್ವನಿ ಅಷ್ಟು ಸಣ್ಣ ಬೇಡ ಅಂತ ಹೇಳು. ಕೇಳಿಸ್ತಿಲ್ಲ."

ಒಗ್ವಾಂಗ್ ದೂರದ ಮೇಜಿನಿಂದ, "ಪಾದ್ರಿ ಹತ್ರ ಪಾಪ ಒಪ್ಪಿಸೋ ಹಾಗಿದೆಯಲ್ಲಪ್ಪ," ಎಂದ. ಅಕೀಕಿ ಒಳಗಿನಿಂದಲೇ ಅವನತ್ತ ಒಂದು ನೋಟ ಎಸೆದರು.

ನಾಲೊಂಗೊ ಪೆನ್ನು ಎತ್ತಿಕೊಂಡರು. ಸಹಿ ಮಾಡಲಿಲ್ಲ. ಪೆನ್ನನ್ನು ಹಾಗೇ ಹಿಡಿದು, "ನಾನೊಂದು ಹೇಳ್ಬೇಕು," ಎಂದರು. "ಕೆಂಪು ಸಾಲು ಬರ್ತಿಲ್ಲ ಅಂತ ನನಗೆ ಜನವರಿಯಲ್ಲೇ ಗೊತ್ತಿತ್ತು."

ಅಕೀಕಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಂಕಿ ಕಡಿಮೆ ಬಂದ ಪುಟಕ್ಕೆಲ್ಲ ನಾನೇ ಕೆಂಪು ಪೆನ್ನಲ್ಲಿ ಗೆರೆ ಎಳೀತಿದ್ದೆ. ಒಂದನ್ನೂ ಬಿಟ್ಟಿಲ್ಲ. ಆ ಗುರುವಾರ ಮಸಾಕಾದಲ್ಲಿ ಚಿಕ್ಕಪ್ಪನ ಮಣ್ಣು ಇತ್ತು, ಹೋಗಿದ್ದೆ. ಹೊಸ ಡಾಕ್ಟರಿಗೆ ಹೇಳಿ ಹೋಗೋದು ಮರೆತೆ."

"ನಮಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ನಾಲೊಂಗೊ. ಒಂದೇ ಫೋನು."

"ಮಾಡಿದ್ರೆ ನೀವು ಯಾರನ್ನ ಕಳಿಸ್ತಿದ್ರಿ?" ಎಂದರು ನಾಲೊಂಗೊ. "ತಂದು ನನ್ನ ಪಕ್ಕದಲ್ಲೇ ಕೂರಿಸ್ತಿದ್ರಿ."

ಪ್ಯಾಸೇಜಿನಲ್ಲಿ ಕುರ್ಚಿ ಕಿರುಗುಟ್ಟಿತು. ಅಕೀಕಿ ನನ್ನ ವರದಿಯ ಕಡೆ, ಆಮೇಲೆ ಬಾಗಿಲ ಸಂದಿಯ ಕಡೆ ನೋಡಿದರು. ಅವರ ಮುಖದಲ್ಲಿ ಕೋಪವಿತ್ತು; ಆದರೆ ಅದನ್ನು ಯಾರ ಮೇಲೆ ಇಳಿಸುವುದೆಂದು ಅವರಿಗೆ ತೋಚುತ್ತಿರಲಿಲ್ಲ. ನಾಲೊಂಗೊ ಸಹಿ ಮಾಡಿದರು. ಅವರ ಕೈ ನಡುಗಲಿಲ್ಲ. ನಾನು ನೋಡುತ್ತಿದ್ದೆ, ನೋಡಿದ್ದಕ್ಕೆ ನಾಚಿಕೆಯಾಯಿತು.

ಅವರು ಮುಂದಿನ ಮೆಟ್ಟಿಲಿಂದ ಇಳಿದುಹೋದ ಮೇಲೆ ಅಕೀಕಿ ನಮ್ಮನ್ನೆಲ್ಲ ಕೂಡಿಸಿದರು. "ಯಾರನ್ನೂ ಕೆಲಸದಿಂದ ತೆಗೀತಿಲ್ಲ," ಎಂದರು. "ತೆಗೆಯೋಕೆ ಹೊರಟ್ರೆ ಈ ಪಟ್ಟಿ ಪ್ರಕಾರ ಆಫೀಸಲ್ಲಿ ನಾನೊಬ್ಬಳೇ ಉಳೀತೀನಿ, ನನಗೆ ಕೋಡ್ ಬರಲ್ಲ. ಗಯಾಜಾ ಇನ್ನು ಒಗ್ವಾಂಗ್‌ದು. ಪಕ್ಕದಲ್ಲಿ ಕೂರೋಕೆ ಆಗ್ದಿದ್ರೆ ಇನ್ನೊಬ್ಬರನ್ನ ಕೂರಿಸಿ, ಕಾರಣ ನನಗೆ ಬೇಡ. ಹತ್ತೊಂಬತ್ತೂ ನಕಲು ಯಾಕಿದೆ ಅಂತ ಬುಧವಾರದೊಳಗೆ ಬರ್ಕೊಡಿ."

ಮವಾಂಡಾ ಗೋಡೆಗೆ ಒರಗಿ ನಿಂತಿದ್ದ. ಮಾತು ಮುಗಿದ ಮೇಲೂ ಅಲ್ಲೇ ನಿಂತಿದ್ದ. ಹತ್ತಿರ ಹೋಗಿ, ನಿನ್ನ ಮೇಲೆ ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿದ್ದೆ ಎಂದು ಒಪ್ಪಿಕೊಂಡೆ.

"ಗೊತ್ತು ನ್ಯಾಬೊ," ಎಂದ. "ನಾನೂ ನಿಮ್ಮನ್ನ ಅನುಮಾನಿಸ್ತಿದ್ದೆ. ಹುಡುಗಿ ಕಡೆಯವರಿಗೆ ನನ್ನ ಬಗ್ಗೆ ಸುದ್ದಿ ಕೊಡೋಕೆ ಬರೀತಿದೀರೇನೋ ಅಂತ."

ಮಧ್ಯಾಹ್ನ ಎರಡಕ್ಕೆ ಲುವೆರೊದ ಮುಖ್ಯ ನರ್ಸ್ ಫೋನಿಗೆ ಸಿಕ್ಕಿದರು. ಜನವರಿಯಿಂದ ಇಲ್ಲಿಯವರೆಗಿನ ಮಕ್ಕಳ ರಕ್ತವರದಿಯ ರಿಜಿಸ್ಟರ್ ತೆಗೆಯಿರಿ, ಏಳಕ್ಕಿಂತ ಕಡಿಮೆ ಬಂದವರ ಹೆಸರನ್ನು ಒಂದೊಂದಾಗಿ ಓದಿ, ಯಾರನ್ನು ಆಸ್ಪತ್ರೆಗೆ ಕಳಿಸಿದಿರಿ, ಯಾರನ್ನು ಮನೆಗೆ ಕಳಿಸಿದಿರಿ ಹೇಳಿ ಎಂದು ಕೇಳಿದೆ. ಆ ಕಡೆ ಪುಟ ಮಗುಚುವ ಸದ್ದಾಯಿತು, ಒಮ್ಮೆಗೇ ನಿಂತಿತು.

"ಮನೆಗೆ ಕಳಿಸಿದವ್ರದ್ದು ಎರಡು ಹೆಸರಿದೆ," ಎಂದರು. "ಆದ್ರೆ ನೀವ್ಯಾಕೆ ಇದನ್ನ ಕೇಳ್ತಿದೀರಿ? ನಿನ್ನೆಯಿಂದ ನಮ್ಮ ಪುಟವೂ ಬೇರೆ ಥರ ಕಾಣ್ತಿದೆ. ಏನು ಮಾಡಿದೀರಿ ಅದಕ್ಕೆ?"

"ಹೇಳ್ತೀನಿ," ಎಂದೆ. "ಮೊದಲು ಆ ಎರಡು ಮಕ್ಕಳ ಮನೆಯ ಫೋನ್ ನಂಬರ್ ಕೊಡಿ."

"ಊಹೂಂ. ಮೊದಲು ನೀವು ಹೇಳಿ," ಎಂದರು ಅವರು.

ನಾನು ಆ ನಕಲು ಮಾಡಿದ ಜೂನ್ ಹನ್ನೊಂದರಿಂದ ಶುರು ಮಾಡಿದೆ.